ಹಳೇ ಸ್ಪೀಕರ್, ಹೊಸ ಸ್ಪೀಕರ್: ನಿಜವಾಗಿ ಏನು ಬದಲಾಗಿದೆ?

ಎರಡು ಹಳೇ ಸ್ಪೀಕರ್‌ಗಳಿಂದ ಶುರು ಮಾಡೋಣ. ಒಂದು ಅಮೆರಿಕದ ಕ್ಲಿಪ್ಶ್‌ಹಾರ್ನ್. ಅರ್ಕಾನ್ಸಾ ರಾಜ್ಯದ ಹೋಪ್ ಅನ್ನುವ ಊರಿನಲ್ಲಿ ಪಾಲ್ ಕ್ಲಿಪ್ಶ್ 1946ರಲ್ಲಿ ಇದನ್ನು ತಯಾರಿಸಿ ಮಾರಲು ಶುರು ಮಾಡಿದರು. ಎದೆಮಟ್ಟದ ದೊಡ್ಡ ಪೆಟ್ಟಿಗೆ. ಕೋಣೆಯ ಮೂಲೆಗೆ ಒತ್ತಿಯೇ ಇಡಬೇಕು, ಯಾಕೆಂದರೆ ಅಲ್ಲಿನ ಎರಡು ಗೋಡೆಗಳೇ ಅದರ ಹಾರ್ನಿನ, ಅಂದರೆ ಕಹಳೆಯ ಹಾಗೆ ಅಗಲವಾಗುತ್ತಾ ಹೋಗುವ ಶಬ್ದದ ದಾರಿಯ, ಕೊನೆಯ ಭಾಗ. ಇನ್ನೊಂದು ಬ್ರಿಟನ್ನಿನ ಎಲ್ಎಸ್3/5ಎ. ಹೊರಗಡೆ ಪ್ರಸಾರಕ್ಕೆ ಹೋಗುವ ವ್ಯಾನಿನೊಳಗೆ ಇಟ್ಟುಕೊಂಡು ಧ್ವನಿ ಪರೀಕ್ಷಿಸಲು ಬಿಬಿಸಿ ಎಂಜಿನಿಯರ್‌ಗಳು 1970ರ ದಶಕದ ಮಧ್ಯದಲ್ಲಿ ಮಾಡಿದ್ದು. ಎತ್ತರ ಒಂದೇ ಅಡಿ. ಒಳಗಿನ ಜಾಗ ಸುಮಾರು 5 ಲೀಟರ್, ನಮ್ಮ ಮನೆಯ ಪ್ರೆಶರ್ ಕುಕ್ಕರಿನಷ್ಟು.

ಎರಡಕ್ಕೂ ಒಂದೊಂದು ವ್ಯಾಟ್ ಪವರ್ ಕೊಟ್ಟು ಒಂದು ಮೀಟರ್ ದೂರದಲ್ಲಿ ಅಳೆಯಿರಿ. ಕ್ಲಿಪ್ಶ್‌ಹಾರ್ನ್ ಕೊಡುವುದು ಸುಮಾರು 105 ಡೆಸಿಬೆಲ್, ಬಿಬಿಸಿಯ ಪುಟ್ಟ ಪೆಟ್ಟಿಗೆ ಕೊಡುವುದು 83ರ ಆಸುಪಾಸು. ಡೆಸಿಬೆಲ್ ಲೆಕ್ಕದಲ್ಲಿ 3 ಜಾಸ್ತಿ ಬೇಕೆಂದರೆ ಪವರ್ ಎರಡು ಪಟ್ಟು ಬೇಕು, 10 ಜಾಸ್ತಿ ಬೇಕೆಂದರೆ ಹತ್ತು ಪಟ್ಟು. ಅಂದರೆ ದೊಡ್ಡದು ಒಂದು ವ್ಯಾಟ್‌ಗೆ ಮಾಡುವ ಕೆಲಸಕ್ಕೆ ಚಿಕ್ಕದಕ್ಕೆ 150ಕ್ಕೂ ಹೆಚ್ಚು ವ್ಯಾಟ್ ಬೇಕು, ಅಷ್ಟು ಕೊಟ್ಟರೆ ಅದರ ಕಾಯಿಲ್, ಅಂದರೆ ಶಬ್ದ ಹುಟ್ಟಿಸುವ ಕೋನನ್ನು ಅಲ್ಲಾಡಿಸುವ ತಂತಿಯ ಸುರುಳಿ, ಸುಟ್ಟೇ ಹೋಗುತ್ತದೆ. ಇವತ್ತು ಎರಡನ್ನೂ ನಾವು ವಿಂಟೇಜ್ ಅಂತಲೇ ಕರೆಯುತ್ತೇವೆ. ಹಾಗಿದ್ದ ಮೇಲೆ "ಹಳೇ ಸ್ಪೀಕರ್ ಸೌಂಡು" ಅನ್ನುವ ಒಂದೇ ಸೌಂಡು ಎಲ್ಲಿಂದ ಬರಬೇಕು?

ಹಳೇದು ಚೆನ್ನವೋ ಹೊಸದು ಚೆನ್ನವೋ ಅಂತ ಜನ ವಾದ ಮಾಡುವಾಗ ನನಗೆ ಅನಿಸುವುದು ಇಷ್ಟೇ. ಯಾವುದೇ ಸ್ಪೀಕರ್ ಒಂಟಿಯಾಗಿ ಹುಟ್ಟಿದ್ದಲ್ಲ. ಅದರ ಕಾಲದಲ್ಲಿ ಸಿಗುತ್ತಿದ್ದ ಆಂಪ್ಲಿಫೈಯರ್ ಮತ್ತು ಅದು ಕೂರಬೇಕಿದ್ದ ಕೋಣೆ, ಈ ಎರಡನ್ನೂ ಲೆಕ್ಕಕ್ಕೆ ಇಟ್ಟುಕೊಂಡು ಯಾರೋ ಅದನ್ನು ಮಾಡಿದ್ದಾರೆ. ಆ ಲೆಕ್ಕ ಗೊತ್ತಾದರೆ ಅದು ಯಾಕೆ ಹಾಗೆ ಕೇಳಿಸುತ್ತದೆ ಅನ್ನುವುದೂ ಗೊತ್ತಾಗುತ್ತದೆ.

ಈ ಲೆಕ್ಕಕ್ಕೆ ಒಂದು ಹೆಸರಿದೆ, ಹಾಫ್‌ಮನ್ನರ ಕಬ್ಬಿಣದ ನಿಯಮ. ಆಂಟನ್ ಹಾಫ್‌ಮನ್ ಅಮೆರಿಕದ ಕೆಎಲ್ಎಚ್ ಕಂಪನಿ ಕಟ್ಟಿದ ಮೂವರಲ್ಲಿ ಒಬ್ಬರು, ಕೊನೆಯ 'ಎಚ್' ಅವರದೇ. ಅವರು ಹೇಳಿದ್ದು ಸರಳ. ನಿಮಗೆ ಆಳವಾದ ಬಾಸ್ ಬೇಕು, ಪೆಟ್ಟಿಗೆ ಚಿಕ್ಕದಿರಬೇಕು, ಕಡಿಮೆ ಪವರ್‌ಗೆ ಜೋರಾಗಿ ಕೇಳಬೇಕು. ಇವುಗಳಲ್ಲಿ ಯಾವುದಾದರೂ ಎರಡು ಸಿಗುತ್ತವೆ. ಮೂರನೆಯದನ್ನು ಬಿಟ್ಟುಕೊಡಬೇಕು. ಎಷ್ಟೇ ದುಡ್ಡು ಸುರಿದರೂ, ಎಂಥ ಹೊಸ ತಂತ್ರಜ್ಞಾನ ತಂದರೂ ಈ ನಿಯಮ ಸಡಿಲಾಗುವುದಿಲ್ಲ. ಪ್ರತಿ ಕಾಲವೂ ಯಾವುದನ್ನು ಬಿಟ್ಟುಕೊಟ್ಟಿತು ಅನ್ನುವುದೇ ಸ್ಪೀಕರ್‌ಗಳ ಇತಿಹಾಸ.

1940, 50ರ ದಶಕದಲ್ಲಿ ವ್ಯಾಟ್ ತುಂಬಾ ದುಬಾರಿ. 1953ರಲ್ಲಿ ಬಂದ ಹೆಸರಾಂತ ಕ್ವಾಡ್ 2 ವಾಲ್ವ್ (ಟ್ರಾನ್ಸಿಸ್ಟರಿಗಿಂತ ಮುಂಚಿನ ಗಾಜಿನ ಕೊಳವೆ) ಆಂಪ್‌ನ ಪವರ್ ಬರೀ 15 ವ್ಯಾಟ್. ಜಾಸ್ತಿ ಬೇಕೆಂದರೆ ದೊಡ್ಡ ವಾಲ್ವ್, ದೊಡ್ಡ ಟ್ರಾನ್ಸ್‌ಫಾರ್ಮರ್, ಜಾಸ್ತಿ ತೂಕ, ಜಾಸ್ತಿ ದುಡ್ಡು. ಹಾಗಾಗಿ ಆಗಿನವರು ಪೆಟ್ಟಿಗೆಯ ಗಾತ್ರವನ್ನು ಬಿಟ್ಟುಕೊಟ್ಟರು. ಸ್ಪೀಕರ್ ಬೀರುವಿನಷ್ಟು ದೊಡ್ಡದಾದರೂ ಪರವಾಗಿಲ್ಲ, ಸಿಕ್ಕಿದ ಹತ್ತು ಹದಿನೈದು ವ್ಯಾಟ್‌ನಲ್ಲೇ ಕೋಣೆ ತುಂಬಬೇಕು. ಇನ್ನೊಂದು ಮಾತು, ಅದು ಮೋನೋ ಕಾಲ. ಮನೆಗೆ ಒಂದೇ ಸ್ಪೀಕರ್ ಸಾಕಿತ್ತು.

ಆಮೇಲೆ 1954. ಎಡ್ಗರ್ ವಿಲ್ಚರ್ ಮತ್ತು ಅವರ ವಿದ್ಯಾರ್ಥಿಯಾಗಿದ್ದ ಹೆನ್ರಿ ಕ್ಲಾಸ್ ಸೇರಿ ಮ್ಯಾಸಚೂಸೆಟ್ಸ್‌ನ ಕೇಂಬ್ರಿಡ್ಜ್‌ನಲ್ಲಿ ಅಕೂಸ್ಟಿಕ್ ರಿಸರ್ಚ್ ಕಂಪನಿ ಕಟ್ಟಿದರು. ಅಲ್ಲಿಂದ ಎಆರ್-1 ಹೊರಬಂತು. ಅದರೊಳಗಿನ ಯೋಚನೆ ತುಂಬಾ ಸೊಗಸಾದದ್ದು. ಅಲ್ಲಿಯವರೆಗೆ ವೂಫರಿನ, ಅಂದರೆ ಬಾಸ್ ಕೊಡುವ ದೊಡ್ಡ ಭಾಗದ, ಕೋನ್ ಮುಂದೆ ಹೋಗಿ ವಾಪಸ್ ಬರಲು ಅದರ ಸುತ್ತಲಿನ ಗಟ್ಟಿ ಪಟ್ಟಿಯೇ ಸ್ಪ್ರಿಂಗ್ ಆಗಿತ್ತು. ಆ ಸ್ಪ್ರಿಂಗ್ ಒಂದೇ ಸಮನಾಗಿ ಎಳೆಯುವುದಿಲ್ಲ, ಕೋನ್ ದೂರ ಹೋದಷ್ಟೂ ಬಿಗಿಯಾಗುತ್ತದೆ, ಬಾಸ್ ಒರಟಾಗುತ್ತದೆ. ವಿಲ್ಚರ್ ಆ ಪಟ್ಟಿಯನ್ನು ಸಡಿಲ ಬಿಟ್ಟರು. ಪೆಟ್ಟಿಗೆಯನ್ನು ಗಾಳಿಯಾಡದ ಹಾಗೆ ಮುಚ್ಚಿ, ಒಳಗೆ ಸಿಕ್ಕಿಹಾಕಿಕೊಂಡ ಗಾಳಿಗೇ ಸ್ಪ್ರಿಂಗಿನ ಕೆಲಸ ಕೊಟ್ಟರು. ಸೈಕಲ್ ಪಂಪಿನ ಬಾಯಿಯನ್ನು ಬೆರಳಿನಿಂದ ಮುಚ್ಚಿ ಹಿಡಿ ಒತ್ತಿದರೆ ಅದು ವಾಪಸ್ ತಳ್ಳುತ್ತದಲ್ಲ, ಅದೇ. ಈ ಗಾಳಿಯ ಸ್ಪ್ರಿಂಗಿಗೆ ಪೆಟ್ಟಿಗೆ ಚಿಕ್ಕದೇ ಇರಬೇಕು. ಹೀಗೆ ಶೆಲ್ಫಿನ ಮೇಲೆ ಇಡಬಹುದಾದ ಪೆಟ್ಟಿಗೆಯಿಂದ, ಬೀರುವಿನಷ್ಟು ದೊಡ್ಡ ಸ್ಪೀಕರ್‌ಗಳಿಗೆ ಸಮನಾದ ಬಾಸ್, ಅದೂ ಹೆಚ್ಚು ಶುದ್ಧವಾಗಿ ಬಂತು.

ಬಿಟ್ಟುಕೊಟ್ಟಿದ್ದು ಮೂರನೆಯದನ್ನು. ಎಆರ್ ಸ್ಪೀಕರ್‌ಗಳಿಗೆ ಪವರ್ ಜಾಸ್ತಿ ಬೇಕಿತ್ತು. ಆದರೆ ಕಾಲ ಅವರ ಕಡೆಗಿತ್ತು. 1958ರಲ್ಲಿ ಸ್ಟೀರಿಯೋ ರೆಕಾರ್ಡುಗಳು ಮಾರುಕಟ್ಟೆಗೆ ಬಂದವು, ಒಂದರ ಜಾಗದಲ್ಲಿ ಎರಡು ಪೆಟ್ಟಿಗೆ ಬೇಕಾಯಿತು, ಎರಡು ಬೀರು ಇಡಲು ಯಾರ ಮನೆಯಲ್ಲೂ ಜಾಗ ಇರಲಿಲ್ಲ. ಹಿಂದೆಯೇ ಟ್ರಾನ್ಸಿಸ್ಟರ್ ಆಂಪ್‌ಗಳು ಬಂದು ವ್ಯಾಟ್ ಅಗ್ಗವಾಯಿತು. ಎಆರ್-1ರ ನಂತರದ ಎಆರ್-3ರಲ್ಲಿ ಗುಮ್ಮಟದ ಆಕಾರದ ಟ್ವೀಟರ್, ಅಂದರೆ ಮೇಲಿನ ಸ್ವರಗಳನ್ನು ಕೊಡುವ ಚಿಕ್ಕ ಭಾಗ, ಬಂತು. ಇವತ್ತು ನೀವು ಅಂಗಡಿಯಲ್ಲಿ ನೋಡುವ ಹೆಚ್ಚಿನ ಟ್ವೀಟರ್‌ಗಳು ಅದರ ಸಂತತಿಯೇ. ಆ ಕಂಪನಿ ಫೈನ್ ಆರ್ಟ್ಸ್ ಕ್ವಾರ್ಟೆಟ್ ಎಂಬ ಪಿಟೀಲು ತಂಡವನ್ನು ವೇದಿಕೆಗೆ ಕೂರಿಸಿ, ನುಡಿಸುತ್ತಾ ನುಡಿಸುತ್ತಾ ನಡುವೆ ಸದ್ದಿಲ್ಲದೆ ಸ್ಪೀಕರಿಗೆ ಬದಲಾಯಿಸಿ, ಕೇಳುಗರಿಗೆ ವ್ಯತ್ಯಾಸ ಗೊತ್ತಾಗುತ್ತದೆಯೇ ಅಂತ ಪರೀಕ್ಷಿಸುತ್ತಿತ್ತು. ಅರವತ್ತು ವರ್ಷದ ಹಿಂದಿನ ಸ್ಪೀಕರ್ ಬಗ್ಗೆ ಹಗುರವಾಗಿ ಮಾತಾಡುವ ಮುಂಚೆ ಇದನ್ನು ನೆನಪಿಡಬೇಕು.

ಪೆಟ್ಟಿಗೆಯೇ ಇಲ್ಲದ ಸ್ಪೀಕರ್ ಕೂಡ ಅದೇ ಕಾಲದ್ದು. ಪೀಟರ್ ವಾಕರ್ ಅವರ ಕ್ವಾಡ್ ಎಲೆಕ್ಟ್ರೋಸ್ಟಾಟಿಕ್, 1957. ತೆಳುವಾದ ಪ್ಲಾಸ್ಟಿಕ್ ಹಾಳೆ, ಅದರ ಎರಡೂ ಕಡೆ ಹೆಚ್ಚಿನ ವೋಲ್ಟೇಜ್. ಹಾಡುವ ದನಿಗೆ ಇವತ್ತಿಗೂ ಅದನ್ನು ಹೋಲಿಸಿ ನೋಡುವವರಿದ್ದಾರೆ. ಆದರೆ ಜೋರಾಗಿ ಕೇಳಿಸದು, ಆಳದ ಬಾಸ್ ಇಲ್ಲ, ಸರಿಯಾದ ಜಾಗದಲ್ಲಿ ಒಬ್ಬರೇ ಕೂತು ಕೇಳಬೇಕು.

ಹಾಗಾದರೆ ಹೊಸದರಲ್ಲಿ ನಿಜವಾಗಿ ಮುಂದುವರಿದಿದ್ದು ಏನು? ನನ್ನ ಉತ್ತರ, ಅಳತೆ. ಮರ, ಮ್ಯಾಗ್ನೆಟ್, ಕೋನಿನ ವಸ್ತು ಎಲ್ಲ ಆಮೇಲೆ.

ಪೋರ್ಟ್ ಇರುವ, ಅಂದರೆ ತೂತಿನ ಕೊಳವೆ ಇರುವ ಪೆಟ್ಟಿಗೆಗಳು ತುಂಬಾ ಹಳೆಯವು. ಆದರೆ ಕೊಳವೆ ಎಷ್ಟುದ್ದ, ಪೆಟ್ಟಿಗೆ ಎಷ್ಟು ದೊಡ್ಡದು ಅನ್ನುವುದನ್ನು ಮಾಡಿ ನೋಡಿ, ಕೇಳಿ ನೋಡಿ, ಅಂದಾಜಿನಲ್ಲಿ ನಿರ್ಧರಿಸುತ್ತಿದ್ದರು. 1961ರಲ್ಲಿ ಆಸ್ಟ್ರೇಲಿಯಾದ ನೆವಿಲ್ ಥೀಲ್ ಇದಕ್ಕೆ ಗಣಿತ ಬರೆದರು. ಹತ್ತು ವರ್ಷ ಹೊರಗಿನ ಜಗತ್ತು ಹೆಚ್ಚು ಗಮನಿಸಲಿಲ್ಲ. 1970ರ ದಶಕದ ಶುರುವಿನಲ್ಲಿ ರಿಚರ್ಡ್ ಸ್ಮಾಲ್ ಅದನ್ನು ಮುಂದುವರಿಸಿದ ಮೇಲೆ ಎಲ್ಲರೂ ಹಿಡಿದುಕೊಂಡರು. ಇವತ್ತು ಯಾವ ವೂಫರ್ ಕೊಂಡರೂ ಅದರ ಕಾಗದದಲ್ಲಿ ಥೀಲ್-ಸ್ಮಾಲ್ ಸಂಖ್ಯೆಗಳು ಇರುತ್ತವೆ, ಅವನ್ನು ಉಚಿತ ಸಾಫ್ಟ್‌ವೇರಿಗೆ ಹಾಕಿದರೆ ಮರ ಕತ್ತರಿಸುವ ಮುಂಚೆಯೇ ಬಾಸ್ ಹೇಗೆ ಬರುತ್ತದೆ ಅಂತ ಗೆರೆ ಎಳೆದು ತೋರಿಸುತ್ತದೆ. 1950ರ ದಶಕದ ಪೋರ್ಟ್ ಪೆಟ್ಟಿಗೆಗಳಲ್ಲಿ ಕೆಲವು ಒಂದೇ ಸ್ವರಕ್ಕೆ ಗುಂಯ್ ಅನ್ನುವುದು ಈ ಗಣಿತ ಇಲ್ಲದ್ದರಿಂದಲೇ.

ಇದಕ್ಕಿಂತ ದೊಡ್ಡ ಹೆಜ್ಜೆ ಕೆನಡಾದ್ದು. ಒಟ್ಟಾವದ ನ್ಯಾಷನಲ್ ರಿಸರ್ಚ್ ಕೌನ್ಸಿಲ್‌ನಲ್ಲಿ ಫ್ಲಾಯ್ಡ್ ಟೂಲ್ ಸ್ಪೀಕರ್‌ಗಳನ್ನು ಪರದೆಯ ಹಿಂದೆ ಇಟ್ಟು ಜನರಿಗೆ ಕೇಳಿಸಿದರು. ಯಾವ ಕಂಪನಿ, ಎಷ್ಟು ಬೆಲೆ, ನೋಡಲು ಹೇಗಿದೆ, ಯಾವುದೂ ಗೊತ್ತಿಲ್ಲ. 1980ರ ದಶಕದ ಮಧ್ಯದಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಎಷ್ಟೋ ನಂಬಿಕೆಗಳನ್ನು ಅಲ್ಲಾಡಿಸಿತು. ಕಣ್ಣು ಮುಚ್ಚಿದಾಗ ಬೇರೆ ಬೇರೆ ಜನರ ಇಷ್ಟ ಬೇರೆ ಬೇರೆ ಆಗಲಿಲ್ಲ. ಹೆಚ್ಚುಕಡಿಮೆ ಎಲ್ಲರೂ ಒಂದೇ ಥರದ ಸ್ಪೀಕರನ್ನು ಆರಿಸಿದರು. ನೇರ ಮುಂದೆ ಎಲ್ಲ ಸ್ವರಗಳನ್ನೂ ಸಮವಾಗಿ ಕೊಡುವ, ಪಕ್ಕಕ್ಕೆ ಹರಡುವ ಶಬ್ದವೂ ಏರುಪೇರಿಲ್ಲದೆ ನಯವಾಗಿ ಇಳಿಯುವ ಸ್ಪೀಕರ್.

ಪಕ್ಕಕ್ಕೆ ಹೋಗುವ ಶಬ್ದ ಯಾಕೆ ಮುಖ್ಯ? ಕೋಣೆಯಲ್ಲಿ ಕೂತಾಗ ಸ್ಪೀಕರಿನಿಂದ ನೇರ ಬಂದಿದ್ದನ್ನಷ್ಟೇ ನಾವು ಕೇಳುವುದಿಲ್ಲ, ಗೋಡೆ, ನೆಲ, ಸೂರಿಗೆ ಬಡಿದು ಬಂದದ್ದು ಅದಕ್ಕಿಂತ ಜಾಸ್ತಿ ಇರುತ್ತದೆ. ಇಲ್ಲೇ ಎಷ್ಟೋ ಹಳೇ ಸ್ಪೀಕರ್‌ಗಳು ಸೋಲುವುದು. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ, ಹಾಗಾಗಿ 1000 ಹರ್ಟ್ಸ್ ಸ್ವರದ ಅಲೆ 34 ಸೆಂಟಿಮೀಟರ್ ಉದ್ದ. 12 ಇಂಚಿನ ವೂಫರ್ 30 ಸೆಂಟಿಮೀಟರ್ ಅಗಲ. ಅಲೆಯ ಉದ್ದ ಕೋನಿನ ಅಗಲಕ್ಕೆ ಹತ್ತಿರ ಬಂತೆಂದರೆ ಶಬ್ದ ಹರಡುವುದು ನಿಂತು ಟಾರ್ಚ್ ಬೆಳಕಿನ ಹಾಗೆ ನೇರಕ್ಕೆ ಹೋಗುತ್ತದೆ. ಅದರ ಮೇಲಿನ ಸ್ವರಗಳನ್ನು ನಡುವಿನ ಸ್ವರಗಳಿಗಿರುವ ಚಿಕ್ಕ ಮಿಡ್‌ರೇಂಜ್ ಕೈಗೆತ್ತಿಕೊಂಡಾಗ ಶಬ್ದ ಮತ್ತೆ ಎಲ್ಲ ಕಡೆ ಚೆಲ್ಲುತ್ತದೆ. ಪಕ್ಕದ ಗೋಡೆಗೆ ಒಂದು ಭಾಗ ಕಡಿಮೆ, ಇನ್ನೊಂದು ಭಾಗ ಜಾಸ್ತಿ. 1970ರ ಜೆಬಿಎಲ್ ಎಲ್100ರಲ್ಲಂತೂ 12 ಇಂಚಿನ ವೂಫರನ್ನು ಮೇಲಿನ ಸ್ವರಗಳಿಂದ ತಡೆಯುವ ಯಾವ ಬಿಡಿಭಾಗವೂ ಇರಲಿಲ್ಲ, ನೇರ ಆಂಪ್‌ಗೇ ಜೋಡಿಸಿದ್ದರು. ಅದರ ಮುಂದೆ ಚುರುಕಾಗಿ ನುಗ್ಗುವ ಸೌಂಡಿಗೆ ಇದೂ ಒಂದು ಕಾರಣ. ರಾಕ್ ಸಂಗೀತಕ್ಕೆ ಅದು ಹೇಳಿ ಮಾಡಿಸಿದ ಹಾಗಿತ್ತು ಅನ್ನುವವರನ್ನು ನಾನು ಒಪ್ಪುತ್ತೇನೆ. ಆದರೆ ಅದು ರೆಕಾರ್ಡಿನಲ್ಲಿ ಇದ್ದದ್ದಲ್ಲ, ಸ್ಪೀಕರ್ ಸೇರಿಸಿದ್ದು.

ಈಗಿನ ಒಳ್ಳೆಯ ಸ್ಪೀಕರ್‌ಗಳಲ್ಲಿ ಟ್ವೀಟರಿನ ಸುತ್ತ ತಟ್ಟೆಯಂಥ ತಗ್ಗು ಕಾಣುತ್ತದಲ್ಲ, ಅದು ಅಂದಕ್ಕೆ ಇಟ್ಟಿದ್ದಲ್ಲ. ವೂಫರ್ ಬಿಟ್ಟ ಜಾಗದಲ್ಲೇ ಅಷ್ಟೇ ಅಗಲಕ್ಕೆ ಟ್ವೀಟರ್ ಶುರು ಮಾಡಲಿ ಅಂತ. ಬ್ರಿಟನ್ನಿನ ಕೆಇಎಫ್ 1988ರಲ್ಲಿ ಇನ್ನೊಂದು ದಾರಿ ಹಿಡಿಯಿತು, ಟ್ವೀಟರನ್ನು ಕೋನಿನ ನಟ್ಟನಡುವೆಯೇ ಕೂರಿಸಿತು. ಅಷ್ಟು ಚಿಕ್ಕ ಜಾಗದಲ್ಲಿ ಸಾಕಷ್ಟು ಬಲವಾದ ಮ್ಯಾಗ್ನೆಟ್ ಹಿಡಿಸಲು ಆಗಿದ್ದು 1980ರ ದಶಕದಲ್ಲಿ ಬಂದ ನಿಯೋಡಿಮಿಯಮ್‌ನಿಂದ.

ಮ್ಯಾಗ್ನೆಟ್ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಹಳೇ ಆಲ್ನಿಕೋ ಅನ್ನುವ ಮಿಶ್ರಲೋಹದ ಮ್ಯಾಗ್ನೆಟ್‌ನಲ್ಲಿ ಏನೋ ಮಾಯೆ ಇತ್ತು, ಕಂಪನಿಗಳು ಗುಣಮಟ್ಟ ಇಳಿಸಲು ಅದನ್ನು ಬಿಟ್ಟವು ಅಂತ ಹೇಳುವುದುಂಟು. ಆಲ್ನಿಕೋಗೆ ಕೋಬಾಲ್ಟ್ ಬೇಕು. 1978ರಲ್ಲಿ ಆಫ್ರಿಕಾದ ಝೈರ್ ದೇಶದ ಗಣಿ ಪ್ರದೇಶದಲ್ಲಿ ಯುದ್ಧವಾಗಿ ಕೋಬಾಲ್ಟ್ ಬೆಲೆ ವಿಪರೀತ ಏರಿತು. ಉಳಿದಿದ್ದ ಕಂಪನಿಗಳೂ ಅಗ್ಗದ ಫೆರೈಟ್ ಮ್ಯಾಗ್ನೆಟ್ ಕಡೆ ಹೋದವು. ಅಷ್ಟೇ ಕಥೆ.

ಇಷ್ಟೆಲ್ಲ ಹೇಳಿದ ಮೇಲೆ ಹೊಸದರ ಕೊರತೆಯನ್ನೂ ಹೇಳಬೇಕು. ಈಗಿನ ಸ್ಪೀಕರ್‌ಗಳು ತೆಳ್ಳಗೆ, ಉದ್ದಕ್ಕೆ ಇರುತ್ತವೆ. ಮನೆಯಲ್ಲಿ ಜಾಗ ಕಡಿಮೆ, ನೋಡಲೂ ಚೆನ್ನ. ಆದರೆ ಪೆಟ್ಟಿಗೆಯ ಮುಖಕ್ಕಿಂತ ಉದ್ದದ ಅಲೆಗಳು ಮುಂದೆ ಮಾತ್ರ ಹೋಗುವ ಬದಲು ಪೆಟ್ಟಿಗೆಯನ್ನು ಸುತ್ತಿಕೊಂಡು ಹಿಂದಕ್ಕೂ ಹರಿದು ಹೋಗುತ್ತವೆ. 60 ಸೆಂಟಿಮೀಟರ್ ಅಗಲದ ಹಳೇ ಪೆಟ್ಟಿಗೆಯಲ್ಲಿ ಇದು ಸುಮಾರು 190 ಹರ್ಟ್ಸ್ ಹತ್ತಿರ ಶುರುವಾದರೆ, 20 ಸೆಂಟಿಮೀಟರ್ ಅಗಲದ ಹೊಸದರಲ್ಲಿ 575ರ ಹತ್ತಿರವೇ ಶುರು. ಮನುಷ್ಯನ ದನಿಯ ಮೈ ಇರುವುದೇ ಆ ನಡುವೆ. ಅದನ್ನು ಸರಿದೂಗಿಸಲು ಕ್ರಾಸ್‌ಓವರ್, ಅಂದರೆ ಸ್ವರಗಳನ್ನು ವೂಫರ್, ಟ್ವೀಟರುಗಳಿಗೆ ಹಂಚುವ ಸರ್ಕ್ಯೂಟ್, ಮೇಲಿನ ಸ್ವರಗಳನ್ನೆಲ್ಲ 6 ಡೆಸಿಬೆಲ್‌ವರೆಗೂ ತಗ್ಗಿಸುತ್ತದೆ. 6 ಡೆಸಿಬೆಲ್ ಅಂದರೆ ನಾಲ್ಕು ಪಟ್ಟು ಪವರ್. ಹಳೇ ಅಗಲ ಪೆಟ್ಟಿಗೆ ಸಣ್ಣ ಆಂಪ್‌ಗೂ ತುಂಬಿ ಹಾಡುತ್ತಿತ್ತು ಅನ್ನುವುದು ಬರೀ ನೆನಪಿನ ಮಾತಲ್ಲ ಅನ್ನುವುದಕ್ಕೆ ಇದೇ ಸಾಕ್ಷಿ.

ಇನ್ನೊಂದು, ಗಾಳಿ. 5 ಇಂಚಿನ ಕೋನಿಗಿಂತ 12 ಇಂಚಿನ ಕೋನಿನ ವಿಸ್ತಾರ ಐದು ಪಟ್ಟಿಗೂ ಜಾಸ್ತಿ. ಅಷ್ಟೇ ಗಾಳಿ ತಳ್ಳಲು ಚಿಕ್ಕದು ಐದು ಪಟ್ಟು ದೂರ ಓಡಾಡಬೇಕು. ಜೊತೆಗೆ ಕಾಯಿಲ್ ಬಿಸಿಯಾಗುತ್ತದೆ. ಸ್ಪೀಕರಿಗೆ ಕೊಟ್ಟ ಪವರ್‌ನಲ್ಲಿ ಶಬ್ದವಾಗುವುದು ಹೆಚ್ಚಿನ ಮನೆಯ ಸ್ಪೀಕರ್‌ಗಳಲ್ಲಿ ನೂರರಲ್ಲಿ ಒಂದು ಪಾಲೂ ಅಲ್ಲ. ಉಳಿದದ್ದೆಲ್ಲ ಶಾಖ. ತಾಮ್ರ 100 ಡಿಗ್ರಿ ಬಿಸಿಯೇರಿದರೆ ಅದರ ರೆಸಿಸ್ಟೆನ್ಸ್ ಸುಮಾರು ಶೇ. 40 ಏರುತ್ತದೆ, ಆಂಪ್‌ನಿಂದ ಬರುವ ಪವರ್ ಅದಕ್ಕೆ ತಕ್ಕಂತೆ ಕುಗ್ಗುತ್ತದೆ. ತನಿ ಆವರ್ತನದ ಕೊನೆಯಲ್ಲಿ ಮೃದಂಗ, ಘಟ ಎರಡೂ ಒಟ್ಟಿಗೆ ಏರಿದಾಗ ಚಿಕ್ಕ ಸ್ಪೀಕರ್ ಉಸಿರು ಹಿಡಿದ ಹಾಗೆ ಆಗುವುದು, ದೊಡ್ಡ ಹಳೇ ಸ್ಪೀಕರ್ ಆರಾಮಾಗಿ ಇರುವುದು ಇದರಿಂದ. ಅಲ್ಲಿ ಹಳೇದರ ಕಡೆಗೇ ನನ್ನ ಓಟು.

ಇನ್ನು ಕೋಣೆ. ಎಆರ್, ಜೆಬಿಎಲ್ ಸ್ಪೀಕರ್‌ಗಳು ಹುಟ್ಟಿದ್ದು ಅಮೆರಿಕದ ಮರದ ಚೌಕಟ್ಟಿನ ಮನೆಗಳಿಗೆ. ಅಲ್ಲಿನ ತೆಳು ಗೋಡೆ ಬಾಸ್‌ನ ಒಂದು ಭಾಗವನ್ನು ಹೊರಗೆ ಬಿಡುತ್ತದೆ. ನೆಲಕ್ಕೆ ಕಾರ್ಪೆಟ್. ನಮ್ಮ ಬೆಂಗಳೂರಿನ ಫ್ಲ್ಯಾಟುಗಳಲ್ಲಿ ಇಟ್ಟಿಗೆ, ಕಾಂಕ್ರೀಟು, ಟೈಲ್ಸ್. ಬಾಸ್ ಎಲ್ಲೂ ಹೋಗುವುದಿಲ್ಲ, ಕೋಣೆಯೊಳಗೇ ಸುತ್ತುತ್ತದೆ. 10 ಅಡಿಗೆ 12 ಅಡಿ ಕೋಣೆಯಾದರೆ ಸುಮಾರು 56 ಮತ್ತು 47 ಹರ್ಟ್ಸ್‌ನಲ್ಲಿ ಗೋಡೆಗಳೇ ಗುನುಗುತ್ತವೆ. ಅಲ್ಲಿ 30 ಹರ್ಟ್ಸ್‌ವರೆಗೆ ಇಳಿಯುವ ಪೋರ್ಟ್ ಟವರ್ ತಂದಿಟ್ಟರೆ ಆ ಎರಡು ಸ್ವರ ಮಾತ್ರ ಉಬ್ಬಿ ಬೇರೆಲ್ಲವನ್ನೂ ಮುಚ್ಚುತ್ತವೆ. ಮುಚ್ಚಿದ ಪೆಟ್ಟಿಗೆಯ ಬಾಸ್ ನಿಧಾನಕ್ಕೆ ಇಳಿಯುತ್ತದೆ, ಆಕ್ಟೇವಿಗೆ, ಅಂದರೆ ಹರ್ಟ್ಸ್ ಅರ್ಧಕ್ಕೆ ಇಳಿದಾಗಲೆಲ್ಲ, 12 ಡೆಸಿಬೆಲ್. ಪೋರ್ಟ್ ಪೆಟ್ಟಿಗೆ 24ರಂತೆ ಧಡಕ್ಕನೆ ಬೀಳುತ್ತದೆ. ಚಿಕ್ಕ ಕಾಂಕ್ರೀಟ್ ಕೋಣೆಗೆ ಮೊದಲನೆಯದೇ ಹೊಂದುತ್ತದೆ. ಅಥವಾ ಹೊಸ ಕಾಲದ ದಾರಿ, ಒಳಗೇ ಆಂಪ್ ಮತ್ತು ಕಂಪ್ಯೂಟರ್ ಚಿಪ್ ಇರುವ ಆಕ್ಟಿವ್ ಸ್ಪೀಕರ್. ಮೈಕ್ ಇಟ್ಟು ಅಳೆದು ಆ 47, 56ರ ಉಬ್ಬನ್ನು ಮಾತ್ರ ಕತ್ತರಿಸಬಹುದು. ಇದು ಹಳೆಯವರಿಗೆ ಇಷ್ಟು ಸುಲಭವಾಗಿರಲಿಲ್ಲ, ಹೊಸದರ ದೊಡ್ಡ ವರ ಇದು.

ಇಷ್ಟಾದರೂ ಹಳೇ ಜೋಡಿಯೇ ಬೇಕು ಅನಿಸಿದರೆ ಒಂದು ಮಾತು ತಿಳಿದಿರಲಿ. ಇವತ್ತು ನೀವು ಕೇಳುವ ಎಲ್100 ಅಥವಾ ಎಆರ್-3, ಅವತ್ತು ಅಂಗಡಿಯಿಂದ ಹೊರಬಂದ ಸೌಂಡಲ್ಲ. ಕೋನಿನ ಸುತ್ತ ಫೋಮ್ ಪಟ್ಟಿ ಇದ್ದರೆ ಅದು ಗಾಳಿಯ ತೇವದಲ್ಲಿ ಕರಗುತ್ತಾ ಬಂದಿರುತ್ತದೆ. ಹದಿನೈದು ಇಪ್ಪತ್ತು ವರ್ಷವೇ ಅದರ ಆಯಸ್ಸು, ಮಂಗಳೂರು, ಉಡುಪಿ ಕಡೆಯ ತೇವಕ್ಕೆ ಇನ್ನೂ ಬೇಗ. ನಾನು ಒಮ್ಮೆ ಇಷ್ಟಪಟ್ಟು ಕೊಂಡ ಜೋಡಿಯ ಗ್ರಿಲ್ ತೆಗೆದರೆ ಫೋಮ್ ಮುಟ್ಟಿದ ಕಡೆಯೆಲ್ಲ ಜಿಗುಟು ಪುಡಿಯಾಗಿ ಬೆರಳಿಗೆ ಬಂತು. ಮಾರಿದವರು ಒಂದು ಮಾತೂ ಹೇಳಿರಲಿಲ್ಲ, ತುಂಬಾ ಬೇಜಾರಾಗಿತ್ತು. ಬಟ್ಟೆ ಅಥವಾ ರಬ್ಬರ್ ಪಟ್ಟಿಯಾದರೆ ದಶಕಗಟ್ಟಲೆ ಬಾಳುತ್ತದೆ. ಫೋಮ್ ಬದಲಾಯಿಸಬಹುದು, ಕೈ ಕುದುರಿದವರಿಗೆ ಅರ್ಧ ದಿನದ ಕೆಲಸ.

ಕ್ರಾಸ್‌ಓವರಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳೂ ಒಣಗುತ್ತವೆ. ಟ್ವೀಟರ್ ಮಂಕಾಗುತ್ತದೆ, ಜನ ಅದನ್ನೇ "ಹಳೇ ಕಾಲದ ಬೆಚ್ಚಗಿನ ಸೌಂಡು" ಅಂದುಕೊಳ್ಳುತ್ತಾರೆ. ಅದೇ ಮೈಕ್ರೋಫ್ಯಾರಡ್ ಬೆಲೆಯ ಹೊಸ ಕೆಪಾಸಿಟರ್ ಹಾಕಿಸಿ, ಬೆಂಗಳೂರಿನ ಎಸ್.ಪಿ. ರೋಡಿನಂಥ ಕಡೆ ಹುಡುಕಿದರೆ ಸಿಗುತ್ತವೆ. ಫಿಲ್ಮ್ ಕೆಪಾಸಿಟರ್ ಹಾಕಿದರೆ ಅದರ ಒಳಗಿನ ರೆಸಿಸ್ಟೆನ್ಸ್ ಕಡಿಮೆ, ಟ್ವೀಟರ್ ಮೊದಲಿಗಿಂತ ಸ್ವಲ್ಪ ಚುರುಕಾಗಬಹುದು. ಸಣ್ಣ ರೆಸಿಸ್ಟರ್ ಸೇರಿಸಿದರೆ ಸರಿಹೋಗುತ್ತದೆ.

ಕೊಳ್ಳುವ ಮುಂಚೆ ಗ್ರಿಲ್ ತೆಗೆಸಿ ನೋಡಿ. ಮುಚ್ಚಿದ ಪೆಟ್ಟಿಗೆಯಾದರೆ ವೂಫರನ್ನು ಬೆರಳುಗಳಿಂದ ಮೆಲ್ಲಗೆ ಒಳಗೆ ಒತ್ತಿ ಬಿಡಿ, ಅದು ಒಂದೆರಡು ಸೆಕೆಂಡ್ ತೆಗೆದುಕೊಂಡು ನಿಧಾನಕ್ಕೆ ವಾಪಸ್ ಬಂದರೆ ಗಾಳಿ ಸೋರುತ್ತಿಲ್ಲ, ಒತ್ತುವಾಗ ಒಳಗೆ ಕಿರ್ ಅಂತ ಉಜ್ಜಿದರೆ ಕಾಯಿಲ್ ಕೆಟ್ಟಿದೆ. ನಿಮ್ಮ ಆಂಪ್ ಎಷ್ಟು ಓಮ್ಸ್ (ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆಯ ಅಳತೆ) ಸ್ಪೀಕರಿಗೆ ಹೊಂದುತ್ತದೆ ನೋಡಿಕೊಳ್ಳಿ. ಎಲ್ಎಸ್3/5ಎ ಮೊದಲು 15 ಓಮ್ಸ್ ಇತ್ತು, ಎಆರ್-3 ಬರೀ 4. ವಾಲ್ವ್ ಆಂಪ್‌ಗೆ ಹೊಂದಿಸಿ ಮಾಡಿದ ಹಳೇ ಸ್ಪೀಕರನ್ನು ಇವತ್ತಿನ ಬಿಗಿ ಹಿಡಿತದ ಆಂಪ್‌ಗೆ ಹಾಕಿದಾಗ ಬಾಸ್ ಬಡಕಲಾಗಿ ಕೇಳಿದರೆ ಸ್ಪೀಕರ್ ಕೆಟ್ಟಿದೆ ಅಂತ ಸುಮ್ನೆ ತೀರ್ಮಾನಿಸಬೇಡಿ, ಜೋಡಿ ತಪ್ಪಿರಬಹುದು.

ಕೊನೆಗೆ, ಹಳೇದಿರಲಿ ಹೊಸದಿರಲಿ, ನಾನು ಯಾವಾಗಲೂ ಮಾಡುವ ಒಂದು ಪರೀಕ್ಷೆ. ತಂಬೂರಿ ಜೊತೆ ಒಬ್ಬರೇ ಹಾಡಿರುವ, ನಿಮಗೆ ಚೆನ್ನಾಗಿ ಗೊತ್ತಿರುವ ರೆಕಾರ್ಡಿಂಗ್ ಹಾಕಿ. ಒಂದೇ ಸ್ಪೀಕರ್ ಓಡಲಿ. ಎದುರು ಕೂತು ಎರಡು ನಿಮಿಷ ಕೇಳಿ. ಆಮೇಲೆ ಎದ್ದು ನಾಲ್ಕು ಅಡಿ ಪಕ್ಕಕ್ಕೆ ಹೋಗಿ, ಅಲ್ಲಿಂದ ಬಾಗಿಲ ಹತ್ತಿರ, ಆಮೇಲೆ ಪಕ್ಕದ ಕೋಣೆಗೆ. ಸದ್ದು ಕಡಿಮೆ ಆಗುತ್ತದೆ, ಅದು ಸರಿ. ಹಾಡುವವರ ದನಿ ಅದೇ ಇದೆಯಾ, ಅಥವಾ ಮೂಗಿನಿಂದಲೋ ಡಬ್ಬಿಯೊಳಗಿಂದಲೋ ಬಂದ ಹಾಗೆ ಬದಲಾಯಿತಾ ಅಂತ ಗಮನಿಸಿ.